ಮೂರು ಕಡೆ ಚುಚ್ಚಿ ನೋಡುವ ಚುಚ್ಚಣ್ಣ

ಅವನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಇತ್ತು, ಅಲ್ಲೇ ಇತ್ತು. ಧಾನ್ಯದ ಗೋದಾಮಿನಲ್ಲಿ ಹಮಾಲರಿಂದ ಹಿಡಿದು ಮ್ಯಾನೇಜರರವರೆಗೆ ಎಲ್ಲರ ಬಾಯಲ್ಲೂ ಅವನು ಚುಚ್ಚಣ್ಣ. ಮೂವತ್ತೊಂದು ವರ್ಷದಿಂದ ಅವನ ಕೆಲಸ ಮೂಟೆ ಚುಚ್ಚುವುದು. ಲಾರಿ ಬಂದು ನಿಂತ ಕೂಡಲೇ ಮೊಳದುದ್ದದ, ತುದಿ ಚೂಪಾದ, ಒಂದು ಪಕ್ಕ ಸೀಳಿದ ಕಬ್ಬಿಣದ ಕೊಳವೆ ಹಿಡಿದು ಬರುತ್ತಿದ್ದ. ಅದನ್ನು ಮೂಟೆಯೊಳಗೆ ತೂರಿಸಿ ಅರ್ಧ ಸುತ್ತು ತಿರುಗಿಸಿ ಎಳೆದರೆ ಒಂದು ಹಿಡಿ ಗೋಧಿ ಅಂಗೈಗೆ ಸುರಿಯುತ್ತಿತ್ತು. ಮೂಸುತ್ತಿದ್ದ, ಉಜ್ಜುತ್ತಿದ್ದ, ಒಂದು ಕಾಳನ್ನು ಹಲ್ಲಿನಲ್ಲಿ ಕಡಿಯುತ್ತಿದ್ದ. ಒಪ್ಪಿಗೆಯಾದರೆ ಮೂಟೆಯ ಮೇಲೆ ನೀಲಿ ಸೀಮೆಸುಣ್ಣದಲ್ಲಿ ಒಂದು ಗೀಟು. ಇಲ್ಲವಾದರೆ ಲಾರಿ ಬಂದ ದಾರಿ ಹಿಡಿಯಬೇಕು.

ಅವನ ಕಣ್ಣಿಗೆ ಮಣ್ಣೆರಚಲು ಪ್ರಯತ್ನ ಪಡದ ವ್ಯಾಪಾರಿ ಇಲ್ಲ. ಮೂಟೆಯ ಬಾಯಲ್ಲಿ ಮುತ್ತಿನಂಥ ಕಾಳು, ನಡುವೆ ನುಚ್ಚು, ತಳದಲ್ಲಿ ಮುಗ್ಗಲು ಹಿಡಿದ ಸರಕು. ಚುಚ್ಚಣ್ಣ ಮಾತ್ರ ಮೇಲೆ ಒಮ್ಮೆ, ನಡುವೆ ಒಮ್ಮೆ, ತಳದಲ್ಲಿ ಒಮ್ಮೆ ಚುಚ್ಚದೆ ಯಾವ ಮೂಟೆಯನ್ನೂ ಬಿಟ್ಟವನಲ್ಲ. ತನ್ನಪ್ಪನೇ ಮೂಟೆ ತಂದಿದ್ದರೂ ಬಿಡುತ್ತಿರಲಿಲ್ಲ. ವ್ಯಾಪಾರಿಗಳು ಬೈದರು, ಕಾಲು ಹಿಡಿದರು, ಒಬ್ಬನಂತೂ ಲಾರಿಯ ಪಕ್ಕದಲ್ಲೇ ಕೂತು ಗೊಳೋ ಎಂದು ಅತ್ತ. ಇವನು ಅಂಗೈ ಒರೆಸಿಕೊಂಡು ಮುಂದಿನ ಲಾರಿಗೆ ಹೋದ. ಕೆಲಸದ ವಿಷಯದಲ್ಲಿ ಅಷ್ಟು ಕಲ್ಲು ಮನಸ್ಸು.

ಆ ಕಲ್ಲು ಮನಸ್ಸು ಮೆತ್ತಗಾಗುತ್ತಿದ್ದುದು ತಂಗಿಯ ಮುಂದೆ ಮಾತ್ರ. ಅವಳಿಗೆ ನಲವತ್ತಾರು ವರ್ಷವಾಗಿದ್ದರೂ ಇವನಿಗೆ ಇನ್ನೂ ಪುಟ್ಟಿ. ತಾಯಿ ಸತ್ತಾಗ ಅವಳಿಗೆ ಆರು ವರ್ಷ. ಜಡೆ ಹಾಕಿದ್ದು, ಸೈಕಲ್ ಕಲಿಸಿದ್ದು, ಶಾಲೆಯ ಗೇಟಿನ ಹತ್ತಿರ ಕಾದು ನಿಂತಿದ್ದು ಎಲ್ಲ ಇವನೇ. ಗಂಡ ತೀರಿಹೋದ ಮೇಲೆ ಎರಡು ಬೀದಿ ಆಚೆ ಒಂದು ಕೋಣೆಯಲ್ಲಿ ಕಿಟಕಿಯ ಪಕ್ಕ ಹೊಲಿಗೆ ಯಂತ್ರ ಇಟ್ಟುಕೊಂಡು ಅವಳು ತನ್ನ ಪಾಡಿಗೆ ಇದ್ದಳು. ಬೆನ್ನು ಬಗ್ಗಿಸಿ ದುಡಿಯುತ್ತಿದ್ದಳು, ಅಣ್ಣನಿಗೆ ಹಳೆಯ ಅಂಗಿಯ ಕಾಲರು ತಿರುಗಿಸಿ ಹೊಲಿದು ಕೊಡುತ್ತಿದ್ದಳು.

ಹೋದ ವರ್ಷ ಅವಳ ಕಣ್ಣು ಹಳದಿಯಾಯಿತು. ಆಮೇಲೆ ಕಾಲು ಊದಿತು, ಹೊಟ್ಟೆ ಊದಿತು. ದೊಡ್ಡ ಆಸ್ಪತ್ರೆಯಲ್ಲಿ ಎಲ್ಲ ಪರೀಕ್ಷೆ ಮಾಡಿ, ಲಿವರ್ ಗಟ್ಟಿಯಾಗುತ್ತಿದೆ ಎಂದರು. ಕುಡಿತ ಇಲ್ಲ, ರಕ್ತದಲ್ಲಿ ಯಾವ ಸೋಂಕೂ ಇಲ್ಲ. ಕಾರಣವೇ ಗೊತ್ತಾಗದೆ ಡಾಕ್ಟರು ತಲೆ ಕೆರೆದುಕೊಂಡರು. ಹೀಗೇ ಹೋದರೆ ಆರೇಳು ತಿಂಗಳಲ್ಲಿ ಬೇರೆಯವರ ಲಿವರಿನ ಒಂದು ಭಾಗ ತಂದು ಹಾಕಬೇಕಾಗುತ್ತದೆ, ಕೊಟ್ಟವರಿಗೆ ಅದು ಮತ್ತೆ ಬೆಳೆದುಕೊಳ್ಳುತ್ತದೆ, ಅವಳಿಗೂ ಬೆಳೆಯುತ್ತದೆ ಎಂದರು. ಮಾತು ಮುಗಿಯುವ ಮೊದಲೇ ಚುಚ್ಚಣ್ಣ ಎದ್ದು ನಿಂತು ಅಂಗಿಯ ಗುಂಡಿ ಬಿಚ್ಚತೊಡಗಿದ್ದ. ಈಗಲ್ಲ ಎಂದು ಕೂರಿಸಬೇಕಾಯಿತು.

ರಕ್ತದ ಗುಂಪು ಹೊಂದಿತು. ಎದೆ, ಕಿಡ್ನಿ, ಸಕ್ಕರೆ ಎಲ್ಲ ಸರಿಯಿತ್ತು. ಲಿವರಿನ ಒಂದು ಸಂಖ್ಯೆ ಮಾತ್ರ ಇರಬೇಕಾದ್ದಕ್ಕಿಂತ ಸ್ವಲ್ಪ ಮೇಲೆ. ಯಾಕೆಂದು ಸ್ಕ್ಯಾನಿನಲ್ಲೂ ತಿಳಿಯಲಿಲ್ಲ. ಕೊಡುವವನ ಲಿವರಿನಲ್ಲೇ ಐಬು ಇದ್ದರೆ ಇಬ್ಬರಿಗೂ ಅಪಾಯ, ಆದ್ದರಿಂದ ಸೂಜಿ ಹಾಕಿ ಒಂದು ಚೂರು ತೆಗೆದು ನೋಡಬೇಕು, ಅದಕ್ಕೆ ಬಯಾಪ್ಸಿ ಎನ್ನುತ್ತಾರೆ ಎಂದು ಡಾಕ್ಟರು ವಿವರಿಸಿದರು. ಹೆದರುತ್ತಾನೆಂದುಕೊಂಡು ಮೆಲ್ಲಗೆ ಹೇಳಿದರು. ಇವನು ಹೆದರುವುದಿರಲಿ, ಕುರ್ಚಿಯನ್ನೇ ಮುಂದೆ ಎಳೆದುಕೊಂಡ.

“ಎಷ್ಟು ತೆಗೀತೀರಿ ಸಾರ್?”

“ದಾರದಷ್ಟು ದಪ್ಪ. ಬೆರಳಿನ ಒಂದು ಗೆಣ್ಣಿನಷ್ಟು ಉದ್ದ.”

“ಇಡೀ ಲಿವರಿಗೆ ಅಷ್ಟೇನಾ?”

“ಐವತ್ತು ಸಾವಿರ ಪಾಲು ಮಾಡಿದ್ರೆ ಅದರಲ್ಲಿ ಒಂದು ಪಾಲು ಅಂದ್ಕೊಳ್ಳಿ.”

“ಎಷ್ಟು ಕಡೆ ಚುಚ್ತೀರಿ?”

“ಒಂದೇ ಕಡೆ.”

ಚುಚ್ಚಣ್ಣನ ಮುಖ ಹುಳ್ಳಗಾಯಿತು. “ತಪ್ಪು ತಿಳ್ಕೋಬೇಡಿ ಸಾರ್. ನಮ್ಮ ಗೋದಾಮಲ್ಲಿ ಹೀಗೆ ಮಾಡಿದ್ರೆ ಸಂಜೆಯೊಳಗೆ ಮನೆಗೆ ಕಳಿಸ್ತಾರೆ.”

ಅವನ ಕೆಲಸ ಏನೆಂದು ಕೇಳಿ ತಿಳಿದುಕೊಂಡು ಡಾಕ್ಟರು ನಕ್ಕರು. “ನೀವು ಹೇಳೋದ್ರಲ್ಲಿ ನ್ಯಾಯ ಇದೆ. ಆದ್ರೆ ಲಿವರಿನ ಕಾಯಿಲೆ ಸಾಮಾನ್ಯವಾಗಿ ಎಲ್ಲಾ ಕಡೆ ಹರಡಿರುತ್ತೆ, ಅದಕ್ಕೇ ಒಂದು ಎಳೆ ಸಾಕಾಗುತ್ತೆ. ಕೆಲವು ಸಲ ಸಾಲಲ್ಲ, ಆಗ ಮತ್ತೆ ಚುಚ್ತೀವಿ. ಅದೂ ಅಲ್ಲದೆ ನಾವು ಬರೀ ಸೂಜೀನ ನಂಬಲ್ಲ. ರಕ್ತ ನೋಡ್ತೀವಿ, ಸ್ಕ್ಯಾನ್ ನೋಡ್ತೀವಿ, ಮಾತಾಡಿಸಿಯೂ ನೋಡ್ತೀವಿ.”

ಕೊನೆಯ ಮಾತನ್ನು ಚುಚ್ಚಣ್ಣ ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ಸೂಜಿಯ ತುದಿ ಹೇಗಿರುತ್ತದೆ, ಒಳಗೆ ಹೋದ ಮೇಲೆ ತಿರುಗಿಸುತ್ತೀರಾ ಎಂದು ಕೇಳುವುದರಲ್ಲೇ ಇದ್ದ.

ಮಾತಾಡಿಸಿ ನೋಡುವ ಕೆಲಸ ಹೊರಗಿನ ಮೇಜಿನ ಹಿರಿಯ ನರ್ಸಮ್ಮನದು. ಮೂಗಿನ ತುದಿಗೆ ಕನ್ನಡಕ ಇಳಿಬಿಟ್ಟುಕೊಂಡ, ಅವಸರವೇ ಇಲ್ಲದ ಹೆಂಗಸು. ಅವಳು ಒಂದು ಹಾಳೆ ತೆಗೆದು ಓದಿ ಹೇಳಿದಳು. ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಎಂದು ಮೊದಲೇ ಪರೀಕ್ಷೆ ಆಗಬೇಕು. ಆ ದಿನ ಬೆಳಿಗ್ಗೆ ಏನೂ ತಿನ್ನುವಂತಿಲ್ಲ. ಜೊತೆಗೆ ಒಬ್ಬರು ಬರಲೇಬೇಕು, ವಾಪಸು ತಾನೇ ಗಾಡಿ ಓಡಿಸುವಂತಿಲ್ಲ. ನೋವಿನ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಡಾಕ್ಟರನ್ನು ಕೇಳಿ ಮೊದಲೇ ನಿಲ್ಲಿಸಬೇಕು, ಇಲ್ಲವಾದರೆ ಚುಚ್ಚಿದ ಜಾಗದಲ್ಲಿ ರಕ್ತ ನಿಲ್ಲದೆ ಹೋಗಬಹುದು.

“ಮಾತ್ರೆ, ಔಷಧಿ, ಬೇರು, ಪುಡಿ, ಕಷಾಯ ಏನಾದ್ರೂ ತಗೋತೀರಾ?”

“ಏನೂ ಇಲ್ಲಮ್ಮ,” ಎಂದ ಚುಚ್ಚಣ್ಣ.

ಹಸಿ ಸುಳ್ಳು. ಮೂಟೆಗಳ ಮೇಲೆ ಮಂಡಿಯೂರಿ ಮಂಡಿ ಸವೆದಿದ್ದ ಅವನು ನಾಲ್ಕು ವರ್ಷದಿಂದ ದಿನಾ ಬೆಳಿಗ್ಗೆ ಒಂದು ಚಮಚ ಕಂದು ಪುಡಿಯನ್ನು ಬಿಸಿನೀರಿನಲ್ಲಿ ಕದಡಿ ಕುಡಿಯುತ್ತಿದ್ದ. ಗೋದಾಮಿನ ಹಿಂದಿನ ಗೇಟಿಗೆ ಸೈಕಲ್ ಮೇಲೆ ತಗಡಿನ ಡಬ್ಬಿಗಳನ್ನು ಕಟ್ಟಿಕೊಂಡು ಬರುವ ಒಬ್ಬನ ಸರಕು ಅದು. ಕೊಳ್ಳುವ ಮೊದಲು ಚುಚ್ಚಣ್ಣ ಸುಮ್ಮನಿದ್ದಾನೆಯೇ. ಅಂಗೈಗೆ ಸುರಿದುಕೊಂಡು ಮೂಸಿದ, ಉಜ್ಜಿದ, ನಾಲಿಗೆಗೆ ಹಚ್ಚಿದ. ಕಲ್ಲಿಲ್ಲ, ಮಣ್ಣಿಲ್ಲ, ಹುಳವಿಲ್ಲ. ಸರಕು ಪಾಸು ಎಂದು ಸುತ್ತ ನಿಂತ ಹಮಾಲರಿಗೆ ತೀರ್ಪು ಕೊಟ್ಟ. ಪುಡಿ ಕುಡಿದ ನಾಲ್ಕೇ ದಿನಕ್ಕೆ ಮಂಡಿ ಮಾತು ಕೇಳಿದ್ದೂ ನಿಜ.

ಈಗ ಅದನ್ನು ಯಾಕೆ ಮುಚ್ಚಿಟ್ಟ ಎಂದರೆ, ಭಯ. ಸಂಖ್ಯೆ ಸ್ವಲ್ಪ ಮೇಲಿದೆ ಎಂದು ಆಗಲೇ ಹೇಳಿದ್ದರು. ಇದರ ಮೇಲೆ ಪುಡಿಯ ಸುದ್ದಿಯನ್ನೂ ಹೇಳಿದರೆ, ನಿನ್ನ ಲಿವರ್ ಬೇಡ ಹೋಗು ಎಂದು ಲಾರಿ ತಿರುಗಿಸಿಬಿಟ್ಟರೆ ಪುಟ್ಟಿಯ ಗತಿಯೇನು. ಅವಳಿಗೆ ಇವನನ್ನು ಬಿಟ್ಟರೆ ಕೊಡುವವರು ಯಾರೂ ಇರಲಿಲ್ಲ. ಹಾಗಾಗಿ ಮೂವತ್ತೊಂದು ವರ್ಷ ಬೇರೆಯವರಲ್ಲಿ ಹಿಡಿದ ಕಳ್ಳಾಟವನ್ನು ತಾನೇ ಆಡಿದ. ಮೂಟೆಯ ಬಾಯಲ್ಲಿ ಒಳ್ಳೆಯ ಕಾಳು ಇಟ್ಟ. ಪುಡಿ ಒಂದು ಔಷಧಿಯೇ ಅಲ್ಲ ಎಂದು ತನ್ನನ್ನು ತಾನೇ ನಂಬಿಸಿಕೊಂಡ. ಡಾಕ್ಟರು ಚೀಟಿ ಬರೆದು ಕೊಟ್ಟಿದ್ದು ತಾನೇ ಔಷಧಿ?

ಬಯಾಪ್ಸಿಗೆ ಎರಡು ದಿನ ಮೊದಲು ನರ್ಸಮ್ಮ ಫೋನ್ ಮಾಡಿದಳು. ಹೊಟ್ಟೆ ಖಾಲಿ ಇರಬೇಕು, ಸಡಿಲ ಬಟ್ಟೆ ಹಾಕಿಕೊಂಡು ಬನ್ನಿ ಎಂದೆಲ್ಲ ಹೇಳಿ ಕೊನೆಗೆ, “ಅಲ್ಲ, ಮೊನ್ನೆ ಕುಂಟ್ತಾ ಇದ್ರಿ. ಮಂಡಿನೋವಿಗೆ ಏನು ಮಾಡ್ತೀರಿ?” ಎಂದಳು.

“ಹಲ್ಲು ಕಚ್ಕೊಂಡು ಇರ್ತೀನಿ ಅಷ್ಟೇ.”

“ಪಾಪ,” ಎಂದು ಅವಳು ಫೋನ್ ಇಟ್ಟಳು.

ಪಕ್ಕದಲ್ಲೇ ಕೂತಿದ್ದ ಹೆಂಡತಿ ಗಂಡನ ಮುಖ ನೋಡಿದಳು. “ಪುಡಿ ವಿಷಯ ಹೇಳ್ಬಾರ್ದಿತ್ತಾ ರೀ?” ಎಂದಳು. ಆಸ್ಪತ್ರೆಯವರ ತಲೆ ತಿನ್ನಬಾರದು ಎಂದು ಇವನು ಅವಳ ಬಾಯಿ ಮುಚ್ಚಿಸಿದ.

ಬಯಾಪ್ಸಿಯ ದಿನ ಬೆಳಿಗ್ಗೆ ಏಳಕ್ಕೆ ಗಂಡ ಹೆಂಡತಿ ಆಸ್ಪತ್ರೆಯಲ್ಲಿದ್ದರು. ಹಿಂದೆ ದಾರ ಕಟ್ಟುವ ನಿಲುವಂಗಿ ಕೊಟ್ಟರು. ಅದನ್ನು ಹಿಂದುಮುಂದು ಮಾಡಿ ಹಾಕಿಕೊಂಡು ಹೊರಬಂದ ಗಂಡನನ್ನು ಕಂಡು ಹೆಂಡತಿ, “ಮೂಟೆಗೆ ಬಾಯಿ ಕಟ್ಟೋದು ಬರುತ್ತೆ, ಇದು ಬರಲ್ವಾ?” ಎಂದು ಸರಿಮಾಡಿ ಕಳಿಸಿದಳು. ಹಾಸಿಗೆಯ ಮೇಲೆ ಅಂಗಾತ ಮಲಗಿಸಿ, ಬಲಗೈಯನ್ನು ತಲೆಯ ಕೆಳಗೆ ಇಟ್ಟುಕೊಳ್ಳಲು ಹೇಳಿದರು. ಗೋಡೆಯ ಪಕ್ಕ ಸ್ಕ್ಯಾನ್ ಯಂತ್ರ, ತಟ್ಟೆಯಲ್ಲಿ ಬಟ್ಟೆ ಮುಚ್ಚಿದ ಸಲಕರಣೆ. ಸೂಜಿ ಎಲ್ಲಿ ಎಂದು ಚುಚ್ಚಣ್ಣ ಕತ್ತು ಚಾಚಿ ಹುಡುಕುತ್ತಿದ್ದ. ಡಾಕ್ಟರು ಇನ್ನೂ ಬಂದಿರಲಿಲ್ಲ.

ನರ್ಸಮ್ಮ ತೋಳಿಗೆ ರಕ್ತದೊತ್ತಡದ ಪಟ್ಟಿ ಸುತ್ತುತ್ತಾ, ಲೋಕಾಭಿರಾಮವಾಗಿ ಕೇಳಿದಳು. “ಬೆಳಿಗ್ಗೆ ಎದ್ದ ತಕ್ಷಣ ದಿನಾ ಏನೇನು ಬಾಯಿಗೆ ಹೋಗುತ್ತೆ, ಒಂದೊಂದಾಗಿ ಹೇಳಿ ನೋಡೋಣ.”

“ಎದ್ದ ತಕ್ಷಣ ಒಂದು ಲೋಟ ತಣ್ಣೀರು. ಆಮೇಲೆ ಬಿಸಿನೀರಿಗೆ ಒಂದು ಚಮಚ...”

ಅಲ್ಲಿಗೆ ಅವನು ನಾಲಿಗೆ ಕಚ್ಚಿಕೊಂಡ. ನರ್ಸಮ್ಮ ಕನ್ನಡಕದ ಮೇಲಿನಿಂದ ನೋಡುತ್ತಿದ್ದಳು. ಅವಸರವಿಲ್ಲ, ಕೋಪವಿಲ್ಲ. ಆ ನೋಟ ಚುಚ್ಚಣ್ಣನಿಗೆ ಚೆನ್ನಾಗಿ ಗೊತ್ತಿತ್ತು, ಅದು ಅವನದೇ ನೋಟ. ಮೇಜಿನ ಹತ್ತಿರ ಮೇಲೆ ಚುಚ್ಚಿದಳು, ಫೋನಿನಲ್ಲಿ ನಡುವೆ ಚುಚ್ಚಿದಳು, ಈಗ ತಳಕ್ಕೇ ಇಳಿಸಿದಳು. ಮೂರು ಕಡೆ. ಸಿಕ್ಕಿಬಿದ್ದ ನಾಚಿಕೆಗಿಂತ ಅವಳ ಕೈಚಳಕದ ಮೇಲಿನ ಮೆಚ್ಚುಗೆಯೇ ಅವನಿಗೆ ಒಂದು ಕ್ಷಣ ಹೆಚ್ಚಾಯಿತು.

“ಎಷ್ಟು ವರ್ಷದಿಂದ ಈ ಕೆಲಸದಲ್ಲಿದ್ದೀರಮ್ಮ?” ಎಂದ.

“ಇಪ್ಪತ್ತೆಂಟು. ಚಮಚ ಏನು?”

ಎಲ್ಲ ಹೇಳಿದ. ಸೈಕಲ್, ಡಬ್ಬಿ, ಕಂದು ಪುಡಿ, ನಾಲ್ಕು ವರ್ಷ, ನಿನ್ನೆ ಬೆಳಿಗ್ಗೆ ಕೂಡ. ಅವಳು ಪಟ್ಟಿಯನ್ನು ಬಿಚ್ಚಿಬಿಟ್ಟಳು. “ಇವತ್ತು ಆಗಲ್ಲ. ಇಂಥ ಪುಡಿಗಳಿಗೆ ಕೆಲವರು ನೋವಿನ ಮಾತ್ರೆ ಅರೆದು ಬೆರೆಸಿರ್ತಾರೆ. ರಕ್ತ ನಿಲ್ಲದೆ ಹೋದ್ರೆ ನಿಮ್ಮ ಜೀವಕ್ಕೇ ಬರುತ್ತೆ.” ಹಾಳೆಯ ಮೇಲೆ ಬರೆಯುತ್ತಾ ಮತ್ತೆ ಕೇಳಿದಳು. “ಮನೇಲಿ ಬೇರೆ ಯಾರಾದ್ರೂ ಇದನ್ನ ಕುಡೀತಾರಾ?”

“ಇಲ್ಲಮ್ಮ. ನನ್ನ ಹೆಂಡತಿ ಮೂಸೂ ನೋಡಲ್ಲ. ತಂಗಿ ಮಾತ್ರ, ಬೆನ್ನುನೋವು ಅಂತ...”

ಮಾತು ಬಾಯಿಂದ ಹೊರಬಿದ್ದ ಮೇಲೆ ಅದು ಅವನ ಕಿವಿಗೂ ಬಿತ್ತು. ನರ್ಸಮ್ಮನ ಪೆನ್ನು ನಿಂತಿತು. ಚುಚ್ಚಣ್ಣ ಮೆಲ್ಲಗೆ ಎದ್ದು ಕೂತ.

ಡಾಕ್ಟರು ಬಂದರು, ಎಲ್ಲ ಕೇಳಿದರು, ಬೈಯಲಿಲ್ಲ. “ಇದೇ ಕಾರಣ ಅಂತ ನಾನು ಈಗಲೇ ಆಣೆ ಮಾಡಿ ಹೇಳಲಾರೆ. ಆದ್ರೆ ಅವರಿಗೆ ಕಾರಣ ಸಿಗದೆ ನಾವು ಎಂಟು ತಿಂಗಳಿಂದ ಹುಡುಕ್ತಾ ಇದ್ದೀವಿ. ನಾವು ಕೇಳಿದಾಗ ಅವರೂ ಏನೂ ತಗೊಳ್ಳಲ್ಲ ಅಂದಿದ್ರು.” ಪುಡಿಯ ವಿಷಯವನ್ನು ಹಾಳೆಯಲ್ಲಿ ಬರೆದುಕೊಂಡು, “ನೀವು ಇವತ್ತು ಹೇಳದೆ ಹೋಗಿದ್ರೆ, ನಾಳೆ ನಿಮ್ಮ ಅರ್ಧ ಲಿವರ್ ತೆಗೆದು ಅವರಿಗೆ ಹಾಕಿದ್ರೂ, ಆ ಅರ್ಧಕ್ಕೂ ಅವರು ಅದೇ ಪುಡಿ ಕುಡಿಸ್ತಿದ್ರು,” ಎಂದರು.

ಚುಚ್ಚಣ್ಣ ಆಸ್ಪತ್ರೆಯಿಂದ ನೇರವಾಗಿ ತಂಗಿಯ ಕೋಣೆಗೆ ಹೋದ. ಹೊಟ್ಟೆ ಖಾಲಿ ಇದ್ದುದೂ ನೆನಪಿರಲಿಲ್ಲ. ಅವಳು ಕಿಟಕಿಯ ಪಕ್ಕ ಒರಗಿ ಕೂತು ಗುಂಡಿ ಹೊಲಿಯುತ್ತಿದ್ದಳು. ಇಷ್ಟು ಬೇಗ ಮುಗಿಯಿತೇ ಎಂದು ಅಚ್ಚರಿಪಟ್ಟಳು.

“ಪುಡಿ ಡಬ್ಬಿ ಎಲ್ಲಿ ಪುಟ್ಟಿ?”

“ಯಾಕಣ್ಣ, ನಿಂದು ಮುಗೀತಾ?” ಯಂತ್ರದ ಡ್ರಾಯರಿನಿಂದ ತೆಗೆದುಕೊಟ್ಟಳು. ಅರ್ಧ ಖಾಲಿಯಾಗಿತ್ತು. ಅವನು ನಡೆದುದನ್ನೆಲ್ಲ ಹೇಳಿದ. ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿ ಇಟ್ಟು ಕೇಳಿಸಿಕೊಂಡಳು.

“ಡಾಕ್ಟ್ರು ಕೇಳಿದಾಗ ಯಾಕೆ ಹೇಳ್ಲಿಲ್ಲ?”

“ಔಷಧಿ ತಗೋತೀಯಾ ಅಂತ ಕೇಳಿದ್ರು. ಪುಡಿ ತಗೋತೀಯಾ ಅಂತಲೂ ಕೇಳಿದ್ರು. ಇದು ಲೆಕ್ಕಕ್ಕೇ ಬರಲಿಲ್ಲ ನಂಗೆ. ನೀನು ಪಾಸು ಮಾಡಿ ತಂದ್ಕೊಟ್ಟಿದ್ದಲ್ವಾ?” ಅವಳು ಮುಚ್ಚಳದ ಕಡೆ ಬೆರಳು ತೋರಿಸಿದಳು.

ಮುಚ್ಚಳದ ಮೇಲೆ ನೀಲಿ ಗೀಟು ಇತ್ತು. ಕೊಟ್ಟ ದಿನ ತಮಾಷೆಗೆಂದು ಅವನೇ ಎಳೆದಿದ್ದು. ಹಳೆಯದು ಖಾಲಿಯಾದಾಗಲೆಲ್ಲ ಅವಳು ಹೊಸ ಪುಡಿಯನ್ನು ಅದೇ ಡಬ್ಬಿಗೆ ಸುರಿದುಕೊಂಡಿದ್ದಳು, ಗೀಟು ಅಳಿಸಿಹೋಗಬಾರದೆಂದು ಮೇಲೆ ಪಾರದರ್ಶಕ ಟೇಪು ಅಂಟಿಸಿದ್ದಳು. ಚುಚ್ಚಣ್ಣ ಉಗುರಿನಿಂದ ಟೇಪನ್ನು ಕೆರೆಯತೊಡಗಿದ. ಅದು ಸುಲಭವಾಗಿ ಬರಲಿಲ್ಲ. ಮೂಗಿಗೆ, ಅಂಗೈಗೆ, ಹಲ್ಲಿಗೆ ಸಿಕ್ಕದ ಕೆಡುಕೂ ಇರುತ್ತದೆ ಎಂಬುದು ಅವನಿಗೆ ಐವತ್ತಾರನೆಯ ವಯಸ್ಸಿನಲ್ಲಿ ಗೊತ್ತಾಗಿತ್ತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಕೊನೆಗೆ ಅವಳೇ ಡಬ್ಬಿಯನ್ನು ಕಿತ್ತುಕೊಂಡು, “ಬಿಡು, ಪರೀಕ್ಷೆಗೆ ಕೊಡಬೇಕಲ್ವಾ, ಹಾಗೇ ಇರಲಿ,” ಎಂದಳು. ಅಣ್ಣನನ್ನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಹತ್ತು ದಿನ ಬಿಟ್ಟು ಅವನ ರಕ್ತವನ್ನು ಮತ್ತೆ ಪರೀಕ್ಷಿಸಿ ಬಯಾಪ್ಸಿಗೆ ಕರೆದರು. ತಂಗಿ ಪುಡಿ ಬಿಟ್ಟರೂ ಚೇತರಿಸಿಕೊಳ್ಳುತ್ತಾಳೆಂಬ ಖಾತ್ರಿ ಇರಲಿಲ್ಲ, ಆಗ ಇವನೇ ಬೇಕಾಗುತ್ತಿದ್ದ. ಈ ಸಲ ಹೆಂಡತಿಯ ಜೊತೆ ತಂಗಿಯೂ ಹಟ ಹಿಡಿದು ಬಂದಳು.

ಡಾಕ್ಟರು ಸ್ಕ್ಯಾನಿನಲ್ಲಿ ನೋಡಿ ಪಕ್ಕೆಲುಬುಗಳ ನಡುವೆ ಒಂದು ಗುರುತು ಹಾಕಿದರು. ಯಾವ ಬಣ್ಣ ಎಂದು ಇವನು ಕೇಳಿದ. ನೀಲಿ ಎಂದರು. ತಣ್ಣನೆಯ ದ್ರವದಿಂದ ಒರೆಸಿದರು, ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರು. ಅದು ಮಾತ್ರ ಚುರ್ರೆಂದಿತು. “ಈಗ ಉಸಿರು ಪೂರ್ತಿ ಹೊರಗೆ ಬಿಟ್ಟು ಹಾಗೇ ತಡೀರಿ. ಅಲ್ಲಾಡ್ಬೇಡಿ.” ಟಪ್ ಎಂದು ಸದ್ದಾಯಿತು, ಕಾಗದಕ್ಕೆ ಪಿನ್ನು ಹೊಡೆದ ಹಾಗೆ. ಒಳಗೆ ಯಾರೋ ಬೆರಳಿನಿಂದ ಗುದ್ದಿದಂತಾಯಿತು. “ಆಯ್ತು, ಉಸಿರಾಡಿ.” ಚುಚ್ಚಣ್ಣನಿಗೆ ನಂಬಿಕೆಯಾಗಲಿಲ್ಲ. ಅವನು ಒಂದು ಮೂಟೆಗೆ ತೆಗೆದುಕೊಳ್ಳುವ ಹೊತ್ತೂ ಆಗಿರಲಿಲ್ಲ.

“ಒಂದ್ಸಲ ತೋರಿಸ್ತೀರಾ?”

ನರ್ಸಮ್ಮ ಪುಟ್ಟ ಸೀಸೆ ಎತ್ತಿ ಹಿಡಿದಳು. ನೀರಿನಂಥ ದ್ರವದಲ್ಲಿ ಮಾಸಲು ಬಣ್ಣದ ಒಂದು ಎಳೆ. ಪುಟ್ಟಿಯ ಹೊಲಿಗೆಯಿಂದ ಕತ್ತರಿಸಿ ಬಿಸಾಡುವ ದಾರದ ತುಂಡಿಗಿಂತ ದೊಡ್ಡದಿರಲಿಲ್ಲ. ಅವನು ಕಣ್ಣು ಕಿರಿದು ಮಾಡಿಕೊಂಡು ಬಹಳ ಹೊತ್ತು ನೋಡಿದ. ಮೂಸಲು ಕೊಡಿ ಎಂದು ಕೇಳದಿದ್ದುದು ನಮ್ಮ ಪುಣ್ಯ.

ನಿಜವಾದ ಕಷ್ಟ ಆಮೇಲೆ ಶುರುವಾಯಿತು. ಎರಡು ಗಂಟೆ ಬಲಮಗ್ಗುಲಿಗೆ ಮಲಗಬೇಕು, ದೇಹದ ಭಾರವೇ ಚುಚ್ಚಿದ ಜಾಗವನ್ನು ಒತ್ತಿ ಹಿಡಿಯುತ್ತದಂತೆ. ಆಮೇಲೆ ಇನ್ನೆರಡು ಗಂಟೆ ಅಂಗಾತ. ಕಾಲು ಗಂಟೆಗೊಮ್ಮೆ ತೋಳಿನ ಪಟ್ಟಿ ಉಬ್ಬಿ ಇಳಿಯುತ್ತಿತ್ತು. ನರ್ಸಮ್ಮ ಬಂದು ನಾಡಿ, ಹೊಟ್ಟೆ, ಅಂಟಿಸಿದ ಪಟ್ಟಿ ನೋಡಿ ಹೋಗುತ್ತಿದ್ದಳು. ಒಳಗೆ ರಕ್ತ ಒಸರುವುದು ಕೆಲವೇ ಮಂದಿಗೆ, ಆದರೆ ಆಗುವುದಿದ್ದರೆ ಹೆಚ್ಚಾಗಿ ಈ ಮೊದಲ ಗಂಟೆಗಳಲ್ಲೇ ಎಂದಳು. ನೋವು ಚುಚ್ಚಿದ ಕಡೆಗಿಂತ ಬಲಭುಜದಲ್ಲಿ ಜಾಸ್ತಿ ಇತ್ತು.

“ಚುಚ್ಚಿದ್ದು ಪಕ್ಕೆಗೆ, ನೋಯೋದು ಭುಜ. ವಿಳಾಸ ತಪ್ಪಿತಾ?” ಎಂದ.

“ಲಿವರಿನ ಮೇಲಿರೋ ಪೊರೆಗೂ ಭುಜಕ್ಕೂ ಒಂದೇ ನರದ ನಂಟು. ಬಹಳ ಜನಕ್ಕೆ ಹೀಗೇ ಆಗುತ್ತೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಹೋಗುತ್ತೆ. ನಾನು ಕೊಡೋ ಮಾತ್ರೆ ಬಿಟ್ಟು ಬೇರೆ ಏನೂ ತಗೋಬೇಡಿ,” ಎಂದು ಅವಳು ಕೊನೆಯ ಮಾತನ್ನು ಒತ್ತಿ ಹೇಳಿದಳು.

ಪುಟ್ಟಿ ಹಾಸಿಗೆಯ ಬಲಕ್ಕೆ, ಅವನ ಮುಖದೆದುರು ಸ್ಟೂಲಿನ ಮೇಲೆ ಕೂತಿದ್ದಳು. ಎರಡು ಗಂಟೆ ಅವನು ಬೇರೆ ಕಡೆ ತಿರುಗುವಂತಿರಲಿಲ್ಲ. ಹಳದಿ ಕಣ್ಣುಗಳನ್ನು ನೋಡುತ್ತಲೇ ಇರಬೇಕಾಯಿತು.

“ನಾನೇ ನಿನ್ನ ಹಾಳು ಮಾಡಿದೆ ಪುಟ್ಟಿ,” ಎಂದ.

“ನೀನೇ ಹಿಡ್ಕೊಟ್ಟೆ ಕೂಡ,” ಎಂದಳು. “ಅಲ್ಲಾಡ್ಬೇಡ, ಪಟ್ಟಿ ಉಬ್ತಾ ಇದೆ.”

ಸಂಜೆ ಮನೆಗೆ ಕಳಿಸುವಾಗ ನರ್ಸಮ್ಮ ಹೆಂಡತಿಯ ಕೈಗೆ ಹಾಳೆ ಕೊಟ್ಟಳು, ಇವನ ಕೈಗೆ ಕೊಡಲಿಲ್ಲ. ಒಂದು ವಾರ ಭಾರ ಎತ್ತಬಾರದು. ಜ್ವರ, ತಲೆಸುತ್ತು, ಉಸಿರಾಟಕ್ಕೆ ತೊಂದರೆ, ತಡೆಯಲಾಗದ ಹೊಟ್ಟೆನೋವು, ಕಪ್ಪು ಮಲ, ಇವುಗಳಲ್ಲಿ ಯಾವುದು ಕಂಡರೂ ಕೂಡಲೇ ಓಡಿ ಬರಬೇಕು. ಹೆಂಡತಿ ಒಂದು ವಾರ ಅವನಿಗೆ ನೀರಿನ ಬಿಂದಿಗೆಯನ್ನೂ ಮುಟ್ಟಗೊಡಲಿಲ್ಲ. ಗೋದಾಮಿನ ಹಮಾಲರು ನೋಡಲು ಬಂದು, ಎಲ್ಲರ ಮೂಟೆ ಚುಚ್ಚುತ್ತಿದ್ದವನಿಗೆ ಸರಿಯಾಯಿತು ಎಂದು ನಕ್ಕು, ಗಾಯ ತೋರಿಸು ಎಂದು ಪೀಡಿಸಿದರು. ತೋರಿಸಲು ಸೊಳ್ಳೆ ಕಚ್ಚಿದಷ್ಟು ಗುರುತೂ ಇರಲಿಲ್ಲ.

ವಾರದ ಮೇಲೆ ವರದಿ ಬಂತು. ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಲ್ಲಿ ಸಣ್ಣ ಉರಿಯೂತ, ಪುಡಿಯಿಂದ ಆಗಿರಬಹುದಾದ್ದು, ವಾಸಿಯಾಗುವಂಥದ್ದು. ಡಬ್ಬಿಯ ಪುಡಿಯಲ್ಲಿ ನೋವಿನ ಮಾತ್ರೆಯ ಜೊತೆ ಇರಬಾರದ ಲೋಹವೂ ಸಿಕ್ಕಿತ್ತು. ಹಿಂದಿನ ಗೇಟಿನ ಸೈಕಲ್ಲಿನವನ ಮೇಲೆ ಚುಚ್ಚಣ್ಣ ತಾನೇ ಹೋಗಿ ದೂರು ಬರೆಸಿದ, ಪುಡಿ ಕುಡಿಯುತ್ತಿದ್ದ ಹನ್ನೊಂದು ಜನ ಹಮಾಲರನ್ನು ರಕ್ತ ಪರೀಕ್ಷೆಗೆ ಎಳೆದುಕೊಂಡು ಹೋದ. ಆಮೇಲೆ ಕಾಯುವುದೊಂದೇ ಉಳಿಯಿತು. ಹದಿನೈದು ದಿನಕ್ಕೊಮ್ಮೆ ತಂಗಿಯ ರಕ್ತ, ಹದಿನೈದು ದಿನಕ್ಕೊಮ್ಮೆ ಅವನ ಜೀವ ಬಾಯಿಗೆ. ಮೊದಲ ತಿಂಗಳು ಸಂಖ್ಯೆಗಳು ಕದಲಲಿಲ್ಲ. ಎರಡನೆಯ ತಿಂಗಳು ಕಾಲಿನ ಊತ ಇಳಿಯಿತು. ಒಂದು ಬೆಳಿಗ್ಗೆ ಅವಳ ಕಿಟಕಿಯ ಬೆಳಕಿನಲ್ಲಿ ಅವನು ಅವಳ ರೆಪ್ಪೆ ಎಳೆದು ನೋಡಿದ, ಹಳದಿ ಕಡಿಮೆಯಾದ ಹಾಗೆ ಕಂಡಿತು. ತನ್ನ ಕಣ್ಣಿನ ಮೇಲೆ ತನಗೇ ನಂಬಿಕೆ ಹೋಗಿದ್ದರಿಂದ ಯಾರಿಗೂ ಹೇಳಲಿಲ್ಲ.

ನಾಲ್ಕನೆಯ ತಿಂಗಳು ಇಬ್ಬರನ್ನೂ ಡಾಕ್ಟರು ಒಟ್ಟಿಗೆ ಕೂರಿಸಿಕೊಂಡರು. ಬಾಗಿಲ ಹತ್ತಿರ ನರ್ಸಮ್ಮನೂ ನಿಂತಿದ್ದಳು. ಡಾಕ್ಟರು ಚುಚ್ಚಣ್ಣನ ಕಡೆ ತಿರುಗಿ, “ನಿಮ್ಮ ಲಿವರ್ ಪಾಸು. ಏನೂ ದೋಷ ಇಲ್ಲ,” ಎಂದರು. ಅವನು ಕೂತಲ್ಲೇ ಅಂಗಿಯ ಮೇಲಿನ ಗುಂಡಿಗೆ ಕೈ ಹಾಕಿದ.

“ಆದ್ರೆ ನಮಗೆ ಸದ್ಯಕ್ಕೆ ಬೇಡ,” ಎಂದರು ಡಾಕ್ಟರು. “ಇವರದ್ದು ತಾನಾಗೇ ಸುಧಾರಿಸ್ತಾ ಇದೆ. ಗಟ್ಟಿಯಾದ ಭಾಗ ಪೂರ್ತಿ ಮೊದಲಿನ ಹಾಗಾಗಲ್ಲ, ಜೀವನಪೂರ್ತಿ ತೋರಿಸ್ಕೋತಾ ಇರ್ಬೇಕು. ಆದ್ರೆ ಆಪರೇಷನ್ ಪಟ್ಟಿಯಿಂದ ತೆಗೆದಿದ್ದೀವಿ. ನಿಮ್ಮ ಸರಕು ನೀವೇ ವಾಪಸು ತಗೊಂಡು ಹೋಗಿ.”

ಚುಚ್ಚಣ್ಣ ತಂಗಿಯ ಮುಖ ನೋಡಿದ, ನರ್ಸಮ್ಮನ ಮುಖ ನೋಡಿದ, ಮತ್ತೆ ಡಾಕ್ಟರ ಮುಖ ನೋಡಿದ. “ನಿಜಾನಾ?” ಎಂದ. ಸ್ವಲ್ಪ ಬಿಟ್ಟು ಮತ್ತೆ, “ನಿಜವಾಗ್ಲೂ?” ಎಂದ. ಮೂರನೆಯ ಸಲ ಕೇಳಲು ಬಾಯಿ ತೆರೆದವನಿಗೆ ಅಳುವೇ ಬಂತು. ಮೂವತ್ತೊಂದು ವರ್ಷದಲ್ಲಿ ಅವನು ತಿರುಗಿಸಿ ಕಳಿಸಿದ ಲಾರಿಗಳಿಗೆ ಲೆಕ್ಕವಿಲ್ಲ, ಅತ್ತವರನ್ನೂ ಕಂಡಿದ್ದ. ಸರಕು ವಾಪಸು ಬಂತೆಂದು ಸಂತೋಷಕ್ಕೆ ಗೊಳೋ ಎಂದು ಅತ್ತವನು ಅವನೊಬ್ಬನೇ. ಪುಟ್ಟಿ ಅವನ ಅಂಗಿಯ ಗುಂಡಿಯನ್ನು ಮತ್ತೆ ಹಾಕಿದಳು.